ಬೆಕ್ಕು ಕುಣಿಸಿದ ಮಗುಗೆ 40ಕ್ಕೆ 17

(1/5)
ಆರೇಳು ವರ್ಷದ ಮಕ್ಕಳಿಗೆ ಕೋಡಿಂಗ್‌ನಲ್ಲಿ ರಿಟನ್ ಟೆಸ್ಟ್ ಇಟ್ಟು ಮಾರ್ಕ್ಸ್ ಕಾರ್ಡ್ ಕೊಡೋದನ್ನ ನಿಲ್ಲಿಸಬೇಕು. ಕೋಡಿಂಗ್ ಕಲಿಸಬೇಡಿ ಅಂತ ಹೇಳ್ತಿಲ್ಲ, ಪೂರ್ತಿ ಓದಿ ಆಮೇಲೆ ಬೈಯ್ರಿ. ಅಳೆಯೋ ರೀತಿ ತಪ್ಪು ಅಂತಿದೀನಿ.

ವರ್ತೂರಿನವರಿಗೆ ಇದು ಹೊಸದಲ್ಲ. ಗುಂಜೂರು ಕಡೆ ಹೋಗಿ, ವೈಟ್‌ಫೀಲ್ಡ್ ಕಡೆ ಹೋಗಿ, ಬೇಕರಿ ಮೇಲಿನ ಮಹಡೀಲಿ ಒಂದು ಕಿಡ್ಸ್ ಕೋಡಿಂಗ್ ಬೋರ್ಡ್ ಇರತ್ತೆ. ಟೆಕ್ ಪಾರ್ಕಿನ ಅಪ್ಪ ಅಮ್ಮ ಮಾತ್ರ ಅಲ್ಲ, ಅದೇ ಟೆಕ್ ಪಾರ್ಕಿಗೆ ಕ್ಯಾಬ್ ಓಡಿಸೋ ಅಣ್ಣನೂ ಮಗಳನ್ನ ಸೇರಿಸಿರ್ತಾರೆ. ನನಗೆ ಸಿಟ್ಟು ಬರೋದು ಇಲ್ಲೇ. ಆ ಅಣ್ಣ ಪ್ರಶ್ನೆಪತ್ರಿಕೆನ ಪ್ರಶ್ನೆ ಮಾಡಲ್ಲ. ಕಾರ್ಡಲ್ಲಿ ಏನಿದೆಯೋ ಅದನ್ನೇ ನಂಬ್ತಾರೆ. "ನಮ್ಮವಳಿಗೆ ಕಂಪ್ಯೂಟರ್ ಹತ್ತಲ್ಲ ಬಿಡಿ" ಅಂತಾರೆ. ಮಗು ಪಕ್ಕದಲ್ಲೇ ನಿಂತು ಕೇಳಿಸ್ಕೊಳ್ತಾ ಇರತ್ತೆ.

(2/5)
ನಮ್ಮ ವಠಾರದಲ್ಲಿ ಎರಡನೇ ಕ್ಲಾಸಿನ ಹುಡುಗಿ ಒಬ್ಬಳಿದಾಳೆ. ಅವಳ ಪೇಪರ್ ನೋಡಿದೆ. ಆಲ್ಗಾರಿದಂ ಅಂದ್ರೇನು, ಡೆಫಿನಿಷನ್ ಬರಿ. ಬಿಟ್ಟ ಸ್ಥಳ ತುಂಬು. ಎಲ್ಲಾ ಇಂಗ್ಲಿಷಲ್ಲಿ. ಸ್ಪೆಲ್ಲಿಂಗ್ ತಪ್ಪಾದ್ರೆ ಅರ್ಧ ಮಾರ್ಕ್ ಕಟ್. ಬಂದಿದ್ದು 40ಕ್ಕೆ 17.

ಇದೇ ಹುಡುಗಿ ಹಳೇ ಟ್ಯಾಬಲ್ಲಿ ಸ್ಕ್ರ್ಯಾಚ್ ಜೂನಿಯರ್ ತೆಗೆದು ಒಂದು ಬೆಕ್ಕು, ಒಂದು ಚೆಂಡು ಇಟ್ಟಿದ್ಲು. ಚೆಂಡು ಹತ್ತಿರ ಬಂದಾಗ ಬೆಕ್ಕು ಹಾರಬೇಕು. ಬೆಕ್ಕು ಮೊದಲೇ ಹಾರಿಬಿಡ್ತಿತ್ತು. ಎರಡು ಸಲ ನೋಡಿದ್ಲು, ಯಾರನ್ನೂ ಕೇಳ್ಲಿಲ್ಲ. ಗಡಿಯಾರದ ಚಿತ್ರ ಇರೋ ಬ್ಲಾಕ್, ಅಂದ್ರೆ "ಸ್ವಲ್ಪ ಕಾಯಿ" ಅನ್ನೋದು, ಅದನ್ನ ಹಾರೋ ಬ್ಲಾಕಿನ ಮುಂದೆ ತಂದು ಸಿಕ್ಕಿಸಿದ್ಲು. ಸರಿಹೋಯ್ತು. ಡೀಬಗ್ಗಿಂಗ್ ಅಂತ ಟೆಕ್ಕಿಗಳು ಕರೆಯೋದು ಇದನ್ನೇ ಗುರು. ಆ ಪೇಪರಲ್ಲಿ ಇದಕ್ಕೆ ಎಷ್ಟು ಮಾರ್ಕ್ಸ್? ಸೊನ್ನೆ. ಯಾಕಂದ್ರೆ ಅದನ್ನ ಕೇಳೇ ಇಲ್ಲ.

(3/5)
ಸ್ಕ್ರ್ಯಾಚ್ ಜೂನಿಯರ್ ಬಂದಿದ್ದು 2014ರಲ್ಲಿ, ಅಮೆರಿಕದ ಟಫ್ಟ್ಸ್ ಯೂನಿವರ್ಸಿಟಿ ಮತ್ತು ಎಂಐಟಿಯವರು ಸೇರಿ ಮಾಡಿದ್ದು. 5ರಿಂದ 7 ವರ್ಷದವರಿಗೆ. ಅದರ ಬ್ಲಾಕ್‌ಗಳ ಮೇಲೆ ಪದಗಳೇ ಇಲ್ಲ, ಬರೀ ಚಿತ್ರ. ಓದೋಕೆ ಬರದ ಮಗುನೂ ಪ್ರೋಗ್ರಾಂ ಮಾಡ್ಲಿ ಅಂತಾನೇ ಹಾಗೆ ಮಾಡಿರೋದು. ಅಂಥ ಆ್ಯಪಲ್ಲಿ ಪಾಠ ಮಾಡಿ ಕೊನೆಗೆ ಇಂಗ್ಲಿಷ್ ಡೆಫಿನಿಷನ್ ಕೇಳಿದ್ರೆ ನೀವು ಅಳೀತಿರೋದು ಕೋಡಿಂಗಾ, ಇಂಗ್ಲಿಷಾ?

ಟಫ್ಟ್ಸ್‌ನಲ್ಲಿ ಮರೀನಾ ಬರ್ಸ್ ಅವರ ತಂಡ ಮಕ್ಕಳನ್ನ ಅಳೆಯೋ ದಾರಿನೂ ಹುಡುಕ್ತು. ಒಂದ್ರಲ್ಲಿ ಮಗುನ ಒಬ್ಬೊಬ್ಬರಾಗಿ ಪಕ್ಕ ಕೂರಿಸ್ಕೊಂಡು, ಆ್ಯಪಲ್ಲೇ ಮಾಡಿಸಿ, ಮಾತಾಡಿಸಿ ನೋಡ್ತಾರೆ. ಅದರಲ್ಲಿ ಐದು ಹಂತ ಇದೆ. ಕೊನೇ ಹಂತ, ಮಗು ತನಗೆ ಬೇಕಾದ್ದನ್ನ ತಾನೇ ಯೋಚಿಸಿ ಮಾಡೋದು. ಇನ್ನೊಂದು ಟೆಕ್‌ಚೆಕ್ ಅಂತ. ಅದಕ್ಕೆ ಕಂಪ್ಯೂಟರೇ ಬೇಡ, ಕೋಡಿಂಗ್ ಕಲಿತಿರಲೂ ಬೇಕಿಲ್ಲ. ಒಗಟಿನ ಥರ ಪ್ರಶ್ನೆಗಳು.

ದೊಡ್ಡ ಮಕ್ಕಳ ಸ್ಕ್ರ್ಯಾಚ್ ಬಗ್ಗೆ ಕ್ಯಾರೆನ್ ಬ್ರೆನನ್, ಮಿಚೆಲ್ ರೆಸ್ನಿಕ್ 2012ರಲ್ಲಿ ಬರೆದಿರೋದು ಇನ್ನೂ ಮಜಾ ಇದೆ. ಮಗುವಿನ ಪ್ರಾಜೆಕ್ಟಲ್ಲಿ ಕಷ್ಟದ ಬ್ಲಾಕ್‌ಗಳು ಇರತ್ತೆ, ಇದು ಹೆಂಗೆ ಕೆಲಸ ಮಾಡತ್ತೆ ಅಂದ್ರೆ ಹೇಳೋಕೆ ಬರಲ್ಲ. ಬೇರೆಯವರದ್ದರಿಂದ ತಂದು ಹಾಕಿರೋದು. ಅಂದ್ರೆ ಬ್ಲಾಕ್ ಎಣಿಸಿದ್ರೂ ಗೊತ್ತಾಗಲ್ಲ, ಕೂತು ಕೇಳಲೇಬೇಕು. ನಾವು ಬಿಕಾಂನವರಿಗೆ ಇದನ್ನ ಹೇಳಿಕೊಡಬೇಕಾ? ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಯ್ತು ಅಂತ ಆಡಿಟರ್ ಸೈನ್ ಹಾಕಲ್ಲ, ವೋಚರ್ ತೆಗೆಸ್ತಾರೆ.

(4/5)
ಹಾಗಾದ್ರೆ ಮಾರ್ಕ್ಸ್ ಕಾರ್ಡ್ ಯಾಕೆ? ಕಾರ್ಡ್ ಇದ್ರೆ ಮುಂದಿನ ಲೆವೆಲ್ ಫೀಸ್ ಕೇಳೋದು ಸುಲಭ. ಕಮ್ಮಿ ಬಂದ್ರೆ "ಎಕ್ಸ್‌ಟ್ರಾ ಕ್ಲಾಸ್ ಬೇಕು", ಜಾಸ್ತಿ ಬಂದ್ರೆ "ಅಡ್ವಾನ್ಸ್ಡ್‌ಗೆ ಸೇರಿಸಿ".

ಹೆದರಿಸಿ ಮಾರೋದನ್ನ ನಾವು ಹೈಸ್ಕೂಲಲ್ಲಿದ್ದಾಗಲೇ ನೋಡಿದೀವಿ. 2020ರ ವೈಟ್‌ಹ್ಯಾಟ್ ಜೂನಿಯರ್ ಜಾಹೀರಾತು ನೆನಪಿದೆಯಾ? ಕೋಡಿಂಗ್ ಕಲಿತು ಕೋಟಿ ಕೋಟಿ ಸಂಬಳ ತಗೊಂಡ ವುಲ್ಫ್ ಗುಪ್ತಾ? ಹಂಗೊಬ್ಬ ಹುಡುಗ ಇರ್ಲೇ ಇಲ್ಲ. ಆ ಆಗಸ್ಟಲ್ಲಿ ನಮ್ಮ ಬೆಂಗಳೂರಿನ ಬೈಜೂಸ್ 30 ಕೋಟಿ ಡಾಲರ್ ಕೊಟ್ಟು ಅದನ್ನ ಕೊಂಡ್ಕೊಂಡಿತ್ತು. ಅಕ್ಟೋಬರಲ್ಲಿ ಜಾಹೀರಾತು ಮಾನದಂಡ ಮಂಡಳಿ ಐದು ಜಾಹೀರಾತು ವಾಪಸ್ ತಗೊಳ್ಳಿ ಅಂತು. ಬೈಜೂಸ್ ಕಥೆ ಮುಂದೇನಾಯ್ತು ಅಂತ ನಿಮಗೇ ಗೊತ್ತು.

"ಸರ್ಕಾರವೇ ಹೇಳಿದೆ" ಅನ್ನೋ ಮಾತೂ ಕೇಳಿದೀನಿ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೋಡಿಂಗ್ ಚಟುವಟಿಕೆ ಅಂತ ಹೇಳಿರೋದು ಮಿಡಲ್ ಹಂತಕ್ಕೆ, ಅಂದ್ರೆ 6ರಿಂದ 8ನೇ ಕ್ಲಾಸ್. ಎರಡನೇ ಕ್ಲಾಸಿನ ಮಗುಗೆ ಲಿಖಿತ ಪರೀಕ್ಷೆ ಇಡಿ ಅಂತ ಅಲ್ಲಿ ಎಲ್ಲೂ ಇಲ್ಲ.

(5/5)
ಈಗ ನಿಮ್ಮ ವಾದ ಬರತ್ತೆ: ಕ್ಲಾಸಲ್ಲಿ 30 ಮಕ್ಕಳು, ಒಬ್ಬೊಬ್ಬರನ್ನೇ ಕೂರಿಸಿ ನೋಡೋಕೆ ಟೈಮ್ ಎಲ್ಲಿ?

ಲೆಕ್ಕ ಹಾಕೋಣ. ಒಬ್ಬರಿಗೆ 3 ನಿಮಿಷ, 30 ಮಕ್ಕಳಿಗೆ 90 ನಿಮಿಷ. 45 ನಿಮಿಷದ ಎರಡು ಪೀರಿಯಡ್. 30 ಪೇಪರ್ ತಿದ್ದೋಕೆ ಅದಕ್ಕಿಂತ ಕಮ್ಮಿ ಹಿಡಿಯತ್ತಾ? ಉಳಿದ ಮಕ್ಕಳು ಅಷ್ಟೊತ್ತು ತಮ್ಮ ಪಾಡಿಗೆ ಬೆಕ್ಕು ಕುಣಿಸ್ತಾ ಇರ್ಲಿ.

ಆ 3 ನಿಮಿಷದಲ್ಲಿ ಮಗು ಮಾಡಿದ್ದನ್ನ ತೋರಿಸು ಅನ್ನಿ. ಒಂದು ಬ್ಲಾಕ್ ತೆಗೆದು, ಈಗ ಏನಾಗತ್ತೆ ಅಂತ ಕೇಳಿ. ಕನ್ನಡ, ತೆಲುಗು, ಹಿಂದಿ, ಯಾವ ಭಾಷೇಲಿ ಬೇಕಾದ್ರೂ ಹೇಳ್ಲಿ. ಕೆಟ್ಟಾಗ ಏನು ಮಾಡತ್ತೆ ನೋಡಿ. ಅದನ್ನ ಎರಡು ಸಾಲಲ್ಲಿ ಬರೆದು ಅಪ್ಪ ಅಮ್ಮಂಗೆ ಕೊಡಿ, ಅವರು ಓದೋ ಭಾಷೇಲಿ. ನಂಬರ್ ಬೇಡ.

ನಮ್ಮ ಬ್ಯಾಚಲ್ಲೇ ಮೂರ್ನಾಲ್ಕು ಜನ ಸಂಜೆ ಹೊತ್ತು ಇಂಥ ಸೆಂಟರ್‌ಗಳಲ್ಲಿ ಪಾರ್ಟ್‌ಟೈಮ್ ಮಾಡ್ತೀರ. ಪೇಪರ್ ಸೆಟ್ ಮಾಡೋರು ನೀವಲ್ಲ, ಗೊತ್ತು. ಆದ್ರೆ ಮಗು ಪಕ್ಕ ಕೂರೋರು ನೀವೇ ತಾನೇ. ಮುಂದಿನ ಟೆಸ್ಟ್ ದಿನ ಮಾರ್ಕ್ಸ್ ಕಾರ್ಡ್ ಹಿಂದೆ ಆ ಎರಡು ಸಾಲು ಬರೆದು ಕಳಿಸಿ. ಮ್ಯಾನೇಜರ್ ಏನಂದ್ರು ಅಂತ ಡಿಎಂ ಮಾಡಿ.

ತಮ್ಮ ತಂಗಿಯರ ಪೇಪರ್ ಇದ್ರೆ ಫೋಟೋ ಕಳಿಸಿ, ಮಗು ಹೆಸರು, ಸ್ಕೂಲ್ ಹೆಸರು ಎರಡನ್ನೂ ಮುಚ್ಚಿ. ಭಾನುವಾರ ಸ್ಟೋರೀಲಿ ಒಂದೊಂದಾಗಿ ಹಾಕ್ತೀನಿ.

#ವರ್ತೂರು #ಮಕ್ಕಳಕೋಡಿಂಗ್ #ಮಾರ್ಕ್ಸ್‌ಬೇಡ