ಅಂಗಳ ಚಿಕ್ಕದಾದರೆ ಚೆಂಡು ಬದಲಿಸೋಣ



ಆದೋನಿಯಲ್ಲಿ ಮಕ್ಕಳಿಗೆ ಆಡಲು ಜಾಗ ಎಲ್ಲಿದೆ? ಓಣಿಯಲ್ಲಿ ಆಟೋ, ಬೈಕು. ಮಾಳಿಗೆಯ ಮೇಲೆ ನೀರಿನ ಟ್ಯಾಂಕು, ಒಣಹಾಕಿದ ಮೆಣಸಿನಕಾಯಿ. ಅನೇಕ ಮಕ್ಕಳಿಗೆ ಉಳಿಯುವುದು ದೇವಾಲಯದ ಅಂಗಳವೊಂದೇ. ಅಲ್ಲಿಯೂ ಕ್ರಿಕೆಟ್ ಚೆಂಡು ಒಮ್ಮೆ ಕಿಟಕಿಗೆ ಬಡಿದರೆ ಸಾಕು, "ಇಲ್ಲಿ ಆಟವಾಡಬಾರದು" ಎಂಬ ಮಾತು ಬರುತ್ತದೆ. ಹಿರಿಯರ ಆತಂಕ ಸರಿಯೇ. ಆದರೆ ಆಟವನ್ನೇ ನಿಲ್ಲಿಸುವ ಮೊದಲು ಚೆಂಡನ್ನು ಬದಲಿಸಿ ನೋಡಬಹುದಲ್ಲವೇ ಎಂಬುದು ನಮ್ಮ ಪ್ರಶ್ನೆ.

ಇದಕ್ಕೆ ಉದಾಹರಣೆಯನ್ನು ಗಾಲ್ಫ್‌ನಿಂದ ಕೊಡುತ್ತೇವೆ. ನಗಬೇಡಿ. 18 ಕುಳಿಗಳ ಪೂರ್ಣ ಮೈದಾನಕ್ಕೆ ಸಾಮಾನ್ಯವಾಗಿ ನೂರು ಎಕರೆಗೂ ಹೆಚ್ಚು ನೆಲ ಬೇಕು. ಇಷ್ಟು ನೆಲ ಕೇಳುವ ಆಟವೇ ಚಿಕ್ಕ ಜಾಗಕ್ಕೆ ದಾರಿ ಹುಡುಕಿಕೊಂಡಿದೆ. 1980ರ ದಶಕದಲ್ಲಿ ಕೇಮನ್ ದ್ವೀಪದಲ್ಲಿ ಜಾಗ ಸಾಲದೆ, ಪ್ರಸಿದ್ಧ ಆಟಗಾರ ಜ್ಯಾಕ್ ನಿಕ್ಲಾಸ್ ಅಲ್ಲೊಂದು ಪುಟ್ಟ ಮೈದಾನ ರೂಪಿಸಿದರು. ಅದಕ್ಕಾಗಿ ಸುಮಾರು ಅರ್ಧ ದೂರ ಮಾತ್ರ ಹಾರುವ ಚೆಂಡನ್ನೇ ತಯಾರಿಸಲಾಯಿತು. ನೆಲ ಹಿಗ್ಗಲಿಲ್ಲ, ಚೆಂಡಿನ ಹಾರಾಟ ಕುಗ್ಗಿತು.

ಅಭ್ಯಾಸಕ್ಕೆ ಇನ್ನೂ ಹಗುರವಾದ ಎರಡು ಬಗೆಗಳಿವೆ: ತೂತುಗಳಿರುವ ಟೊಳ್ಳು ಪ್ಲಾಸ್ಟಿಕ್ ಚೆಂಡು ಮತ್ತು ಸ್ಪಂಜಿನ ಚೆಂಡು. ಇವು ಬೇಗ ನಿಲ್ಲುವ ಕಾರಣ ಸರಳ. ನಿಜವಾದ ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ವರೆಗೆ ಇರಬಹುದು. ತೂತಿನ ಚೆಂಡು ಕೆಲವೇ ಗ್ರಾಂ. ಗಾತ್ರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಗಾಳಿ ಎರಡನ್ನೂ ತಡೆಯುತ್ತದೆ. ಆದರೆ ಹಗುರ ಚೆಂಡಿಗೆ ಆ ತಡೆಯನ್ನು ಮೀರಿ ಮುಂದೆ ಹೋಗುವ ಬಲವಿಲ್ಲ. ಹತ್ತಿಯ ಉಂಡೆಯನ್ನೂ ಅಷ್ಟೇ ದಪ್ಪದ ಕಲ್ಲನ್ನೂ ಎಸೆದು ನೋಡಿ. ಹತ್ತಿಯ ಊರಿನವರಾದ ನಮಗೆ ಹೆಚ್ಚಿನ ವಿವರಣೆ ಬೇಡ. ಹವ್ಯಾಸಿ ಆಟಗಾರನ ಹೊಡೆತಕ್ಕೆ ನಿಜವಾದ ಚೆಂಡು 200 ಮೀಟರ್ ಹೋದೀತು. ತೂತಿನ ಚೆಂಡು 30–40 ಮೀಟರ್ ದಾಟುವುದೇ ಕಷ್ಟ. ಅರ್ಧ ಬೀಸಿನಲ್ಲಿ ಹೊಡೆದರೆ ಅಂಗಳದೊಳಗೇ ಬೀಳುತ್ತದೆ.

ಇದರಿಂದ ಎಲ್ಲವನ್ನೂ ಕಲಿಯಲಾಗದು. ದೂರದ ಅಂದಾಜು ಸಿಗುವುದಿಲ್ಲ. ಆಷಾಢದ ಗಾಳಿಗೆ ಚೆಂಡು ಎತ್ತಲೋ ಹೋಗುತ್ತದೆ. ಆದರೆ ನಿಲ್ಲುವ ರೀತಿ, ಚೆಂಡಿನ ಮೇಲೆ ಕಣ್ಣಿಡುವುದು, ಕೋಲಿನ ನಡುಭಾಗಕ್ಕೆ ಚೆಂಡನ್ನು ತಾಗಿಸುವುದು, ಇವನ್ನು ಕಲಿಯಲು ಹತ್ತು ಹೆಜ್ಜೆ ಜಾಗ ಸಾಕು.

ಅಪಾಯವೇ ಇಲ್ಲ ಎಂದೂ ಹೇಳುವುದಿಲ್ಲ. ಚೆಂಡು ಹಗುರವಾದರೂ ಕೋಲಿನ ತುದಿ ಕಬ್ಬಿಣದ್ದು. ಚಿನ್ನಿದಾಂಡು ಆಡಿದವರಿಗೆ ಗೊತ್ತು, ಹಿಂದೆ ನಿಂತವನಿಗೇ ಮೊದಲು ಪೆಟ್ಟು ಬೀಳುವುದು. ಆದ್ದರಿಂದ ಒಂದು ಸಲಕ್ಕೆ ಒಬ್ಬರೇ ಹೊಡೆಯಬೇಕು. ಉಳಿದವರು ಸುಣ್ಣದಲ್ಲಿ ಎಳೆದ ಗೆರೆಯ ಆಚೆ ನಿಲ್ಲಬೇಕು. ಎದುರಿಗೆ ಹಗ್ಗ ಕಟ್ಟಿ ಗೋಣಿತಟ್ಟು ಇಳಿಬಿಟ್ಟರೆ ಚೆಂಡು ಅಲ್ಲೇ ಬೀಳುತ್ತದೆ. ಕಾಲಡಿಗೆ ಹಳೆಯ ನಾರಿನ ಚಾಪೆ ಹಾಸಿದರೆ ಕೋಲು ಕಲ್ಲಿಗೆ ಬಡಿಯುವುದಿಲ್ಲ. ಅರ್ಧ ದೂರ ಹಾರುವ ಗಟ್ಟಿ ಚೆಂಡು ಅಂಗಳಕ್ಕೆ ಬೇಡವೇ ಬೇಡ. ಅದೂ ಗಾಜು ಒಡೆಯುತ್ತದೆ.

"ಗಾಲ್ಫ್ ಶ್ರೀಮಂತರ ಆಟ, ನಮಗೇಕೆ?" ಎನ್ನುವವರಿದ್ದಾರೆ. ಮೈದಾನ ಶ್ರೀಮಂತರದ್ದು ಇರಬಹುದು. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಬ್ರಿಟಿಷರ ಕಾಲದಲ್ಲೇ ಶುರುವಾದದ್ದು. ಪ್ಲಾಸ್ಟಿಕ್ ಚೆಂಡಿಗೆ ಆ ಹಂಗಿಲ್ಲ. ಯುವಜನರ ಸಂಘಕ್ಕೆ ಹಳೆಯ ಕೋಲು ಎರಡಿದ್ದರೆ ಸರದಿಯ ಮೇಲೆ ಎಲ್ಲರೂ ಆಡಬಹುದು. ಗಾಲ್ಫೇ ಬೇಡವೆಂದರೆ ಅದೇ ಹಗುರ ಚೆಂಡಿಗೆ ಬ್ಯಾಟು ಹಿಡಿಯಿರಿ, ನಮ್ಮ ಅಭ್ಯಂತರವಿಲ್ಲ.

ನಮಗೆ ಮುಖ್ಯವಾದದ್ದು ಬೇರೆ. ಗಟ್ಟಿ ಚೆಂಡಿನ ಆಟದಲ್ಲಿ ದೊಡ್ಡ ಹುಡುಗರು ಅಂಗಳವನ್ನೆಲ್ಲ ಹಿಡಿಯುತ್ತಾರೆ. ಹೆಣ್ಣುಮಕ್ಕಳು, ಎಂಟು ಹತ್ತು ವರ್ಷದವರು ಗೋಡೆಗೆ ಒರಗಿ ನೋಡುತ್ತಾರೆ. ದೂರದ ಮೈದಾನಕ್ಕೆ ಹುಡುಗರನ್ನು ಕಳಿಸುವ ಮನೆಗಳೇ ಹುಡುಗಿಯರನ್ನು ಕಳಿಸುವುದಿಲ್ಲ. ಅಂಗಳವೂ ಮುಚ್ಚಿದರೆ ಹುಡುಗರು ಬೇರೆಲ್ಲೋ ಆಡಿಯಾರು, ಹುಡುಗಿಯರು ಮನೆ ಸೇರುತ್ತಾರೆ. ಹಗುರ ಚೆಂಡಿಗೆ ತೋಳಬಲಕ್ಕಿಂತ ಗಮನ ಮುಖ್ಯ. ತಂಗಿ ಅಣ್ಣನನ್ನು ಸೋಲಿಸಬಹುದು, ತಾತನೂ ಒಂದು ಕೈ ನೋಡಬಹುದು. ಬೆಂಗಳೂರಿನ ಅದಿತಿ ಅಶೋಕ್ 5ನೇ ವಯಸ್ಸಿಗೆ ಗಾಲ್ಫ್ ಕೋಲು ಹಿಡಿದವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಒಂದೇ ಒಂದು ಹೊಡೆತದಲ್ಲಿ ಪದಕದ ಪೈಪೋಟಿ ತಪ್ಪಿತು. ನಮ್ಮ ಅಂಗಳದಿಂದ ಒಲಿಂಪಿಕ್ಸ್‌ಗೆ ಹೋಗುತ್ತಾರೆಂದು ನಾವು ಹೇಳುತ್ತಿಲ್ಲ. ಐದು ವರ್ಷದ ಹುಡುಗಿಯ ಕೈಗೆ ಯಾರೋ ಕೋಲು ಕೊಟ್ಟಿದ್ದರು ಎಂಬುದನ್ನು ಮಾತ್ರ ನೆನಪಿಸುತ್ತೇವೆ.

ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟು: ಒಂದು ತಿಂಗಳು, ಭಾನುವಾರ ಸಂಜೆ ಒಂದು ಗಂಟೆ, ಹಗುರ ಚೆಂಡಿನ ಆಟಕ್ಕೆ ಅನುಮತಿ ಕೊಡಿ. ಪೂಜೆ, ಪ್ರಾರ್ಥನೆ, ಧರ್ಮೋಪದೇಶದ ವೇಳೆ ಚೆಂಡು ಹೊರಗೆ ಬರುವುದಿಲ್ಲ. ಮೊದಲ ಅರ್ಧ ಗಂಟೆ ಹುಡುಗಿಯರಿಗೆ ಮತ್ತು ಚಿಕ್ಕವರಿಗೆ. ಗೆರೆ ಎಳೆಯುವುದು, ಗೋಣಿತಟ್ಟು ಕಟ್ಟುವುದು, ಕಸ ಗುಡಿಸುವುದು ನಮ್ಮ ಪಾಲು. ತಿಂಗಳ ನಂತರ ಕಿಟಕಿಗಳನ್ನು ಎಣಿಸಿ ನೋಡಿ, ಆಡಲು ಬಂದ ಮಕ್ಕಳನ್ನೂ ಎಣಿಸಿ. ಆಮೇಲೆ ನೀವು ಹೇಳಿದಂತೆ ಆಗಲಿ.