ತೊಂದರೆ ಒಮ್ಮೊಮ್ಮೆ ಬಂದ್ರೂ ತೊಂದರೇನೇ

‘ಕೆನಾಟ್ ರಿಪ್ರೊಡ್ಯೂಸ್’. ನಮ್ಮ ಕಸುಬಿನಲ್ಲಿ ಇದಕ್ಕಿಂತ ಹೊಣೆಗೇಡಿ ಮಾತು ಇನ್ನೊಂದಿಲ್ಲ. ಗ್ರಾಹಕ ತೊಂದರೆ ಇದೆ ಅಂತಾನೆ, ನಮ್ಮ ಮಷೀನಿನಲ್ಲಿ ಅದು ಕಾಣೋದಿಲ್ಲ, ಟಿಕೆಟ್ ಮುಚ್ಚಿ ಕಾಫಿಗೆ ಎದ್ದು ಹೋಗ್ತೀವಿ. ಹತ್ತು ವರ್ಷದಿಂದ ನಾನೂ ಇದನ್ನೇ ಮಾಡಿಕೊಂಡು ಬಂದವನು. ಹೋದ ವರ್ಷ ಅದೇ ಮಾತನ್ನು ಕೌಂಟರಿನ ಈಚೆ ನಿಂತು ಕೇಳಿಸಿಕೊಳ್ಳಬೇಕಾಯ್ತು.

ನನ್ನ ಹತ್ತಿರ ಒಂದು ಸೆಕೆಂಡ್‌ಹ್ಯಾಂಡ್ ಬೇಸ್ ಗಿಟಾರ್ ಇದೆ. ಜಾಝ್ ಬೇಸ್ ಮಾದರಿಯದ್ದು; ನಾಲ್ಕು ದಪ್ಪ ತಂತಿ, ಎರಡು ಪಿಕಪ್. ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಭಜನೆಯ ಹಾರ್ಮೋನಿಯಂ ಬಿಟ್ಟರೆ ಬೇರೆ ವಾದ್ಯ ಮುಟ್ಟದೆ ಬೆಳೆದವನಿಗೆ ಮೂವತ್ತು ದಾಟಿದ ಮೇಲೆ ಹತ್ತಿದ ಹುಚ್ಚು ಇದು. ವಾರಪೂರ್ತಿ ಮೀಟಿಂಗು, ಶನಿವಾರ ಬೆಳಿಗ್ಗೆ ಬೇಸು. ಆದರೆ ಅದಕ್ಕೊಂದು ಕಾಯಿಲೆ. ಚೆನ್ನಾಗಿ ನುಡೀತಿರುವಾಗಲೇ ಇದ್ದಕ್ಕಿದ್ದಂತೆ ‘ಗುಂಯ್’ ಅಂತ ಶುರು ಹಚ್ಚಿಕೊಳ್ಳೋದು. ಎರಡು ನಿಮಿಷಕ್ಕೆ ತಾನಾಗೇ ನಿಲ್ಲೋದು. ಮತ್ತೆ ಒಂದು ವಾರ ಸುಳಿವೇ ಇಲ್ಲ.

ಅಂಗಡಿಗೆ ಒಯ್ದೆ. ಅಲ್ಲಿನವರು ಅದನ್ನು ಮೇಜಿನ ಮೇಲೆ ಮಲಗಿಸಿ, ಕೇಬಲ್ ಚುಚ್ಚಿ, ಮೆಲ್ಲಗೆ ಎರಡು ತಂತಿ ಮೀಟಿ, “ಇಲ್ಲಿ ಸರಿಯಾಗೇ ಇದೆಯಲ್ಲ ಸಾರ್” ಅಂದ್ರು. ಮರುಕ್ಷಣವೇ, “ಸಿಂಗಲ್ ಕಾಯಿಲ್ ಅಂದ್ರೆ ಹಂಗೇ. ಎರಡೂ ಪಿಕಪ್ ಚೇಂಜ್ ಮಾಡಿಸಿಬಿಡಿ, 12 ಸಾವಿರ ಆಗುತ್ತೆ” ಅಂದ್ರು. ಅಂದ್ರೆ ರೋಗ ಇಲ್ಲ, ಔಷಧಿಗೆ ಮಾತ್ರ 12 ಸಾವಿರ! ಜೊತೆಗೆ ನುಡಿಸೋ ಗೆಳೆಯನ ಸಲಹೆ ಇನ್ನೊಂದು: “ನಾಯ್ಸ್ ಗೇಟ್ ತಗೋ ಮಚ್ಚಾ.” ಈ ಗೇಟ್ ಮಾಡೋದು ಇಷ್ಟೇ: ನೀವು ನುಡಿಸದೆ ಸುಮ್ಮನಿದ್ದಾಗ ಬಾಗಿಲು ಹಾಕುತ್ತೆ, ನುಡಿಸಿದಾಗ ತೆಗೆಯುತ್ತೆ. ಗದ್ದಲ ಎಲ್ಲೂ ಹೋಗಿರೋದಿಲ್ಲ, ಸ್ವರದ ಹಿಂದೆ ಬಚ್ಚಿಟ್ಟುಕೊಂಡಿರುತ್ತೆ. ಮೂರನೇ ಸಲಹೆ ಇವೆರಡಕ್ಕಿಂತ ಭಯಂಕರ, ಅದಕ್ಕೆ ಆಮೇಲೆ ಬರ್ತೀನಿ.

ನನ್ನ ತಕರಾರು ಇರೋದು ಇಲ್ಲೇ. ಈ ಮೂವರಲ್ಲಿ ಒಬ್ಬರೂ “ಯಾವಾಗ ಬರುತ್ತೆ?” ಅಂತ ಕೇಳಲಿಲ್ಲ.

ಒಮ್ಮೊಮ್ಮೆ ಬರೋ ತೊಂದರೆಯಲ್ಲಿ ಆ ‘ಒಮ್ಮೊಮ್ಮೆ’ಯೇ ದೊಡ್ಡ ಸುಳಿವು. ಕಾರಣ ಇಲ್ಲದೆ ಯಾವುದೂ ಕೆಡೋದಿಲ್ಲ, ಯಾವುದೂ ರಿಪೇರಿಯಾಗೋದೂ ಇಲ್ಲ. ನೋಟ್‌ಬುಕ್ಕಿನಲ್ಲಿ ಬರೆಯೋಕೆ ಶುರು ಮಾಡಿದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಇಲ್ಲದಿದ್ರೆ ಏನೂ ಗೊತ್ತಾಗಲ್ಲ. ಮೊದಲು ಕೇಬಲ್ ಬದಲಾಯಿಸಿದೆ, ಗುಂಯ್ ಇದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ, ಇದೆ. ನಾಬ್ ತಿರುಗಿಸಿದೆ, ತಿರುಗಿಸುವಾಗ ಕರಕರ ಅಂದ್ರೆ ಅದರೊಳಗೆ ಧೂಳು ಕೂತಿದೆ ಅಂತ ಲೆಕ್ಕ. ಅದಿಲ್ಲ. ಕೂತಲ್ಲೇ ಕಾಲು ಸುತ್ತು ತಿರುಗಿ ನೋಡಿದೆ. ಸಣ್ಣಗೆ ಇರುವ ಗುಂಯ್ ಏರಿ ಇಳಿಯಿತು. ಇದು ಕಾಯಿಲೆಯಲ್ಲ, ಹುಟ್ಟುಗುಣ. ಪಿಕಪ್ ಅಂದ್ರೆ ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಅದು ಬೇಸಿನ ತಂತಿಯ ಕಂಪನವನ್ನೂ ಹಿಡಿಯುತ್ತೆ, ಗೋಡೆಯೊಳಗಿನ 50 ಹರ್ಟ್ಸ್ ಕರೆಂಟಿನ ಗುಂಯ್‌ಅನ್ನೂ ಹಿಡಿಯುತ್ತೆ. ಅಂಗಡಿಯವರು ಹೇಳಿದ್ದು ಇಷ್ಟರಮಟ್ಟಿಗೆ ನಿಜ. ಆದರೆ ಹುಟ್ಟುಗುಣ ಎರಡು ನಿಮಿಷ ಬಂದು ವಾರಗಟ್ಟಲೆ ರಜಾ ಹಾಕೋದಿಲ್ಲ.

ಮೂರು ವಾರದ ಬರಹ ನೋಡಿದಾಗ ಒಂದು ಕಂಡಿತು. ಜೋರು ಗುಂಯ್ ಬರ್ತಿದ್ದದ್ದು ದಪ್ಪ ‘ಇ’ ತಂತಿಯನ್ನು ಬಲವಾಗಿ ಮೀಟಿದಾಗ. ಅದರ ಕಂಪನ ಸೆಕೆಂಡಿಗೆ ಸುಮಾರು 41 ಸಲ. ಬೇಸಿನ ಮರವೇ ಹೊಟ್ಟೆಗೆ ತಾಗಿ ನಡುಗುತ್ತೆ. ಹಾಗಾದ್ರೆ ಒಳಗೆ ಏನೋ ಸಡಿಲ ಇರಬೇಕು. ಕೇಬಲ್ ಚುಚ್ಚುವ ಜ್ಯಾಕಿನ ಸ್ಕ್ರೂ ಬಿಚ್ಚಿದೆ. ಯಾರೋ ನಟ್ ಸಡಿಲ ಬಿಟ್ಟು ವರ್ಷಗಟ್ಟಲೆ ನುಡಿಸಿದ್ದಾರೆ. ಚುಚ್ಚಿದಾಗೆಲ್ಲ ಜ್ಯಾಕ್ ತಿರುಗಿ, ಗ್ರೌಂಡ್ ವೈರು ಮುರಿದು ಮುರಿದು, ಕೊನೆಗೆ ಎರಡೇ ಎಳೆ ನಿಂತಿವೆ. ಮರ ನಡುಗಿದಾಗ ಅವು ಬಿಡುತ್ತವೆ, ಸುಮ್ಮನಾದಾಗ ತಾಗುತ್ತವೆ. ಮೇಜಿನ ಮೇಲೆ ಮಲಗಿಸಿ ಮೆಲ್ಲಗೆ ಮೀಟಿದರೆ ಹೇಗೆ ಗೊತ್ತಾಗಬೇಕು? ಎಸ್.ಪಿ. ರಸ್ತೆಯಿಂದ ಹೊಸ ಜ್ಯಾಕು, ಸೋಲ್ಡರಿಂಗ್ ಐರನ್ನು ತಂದೆ. ಇಪ್ಪತ್ತು ನಿಮಿಷದ ಕೆಲಸ.

ಇಲ್ಲಿಗೆ ಮುಗಿದಿದ್ರೆ ಈ ಲೇಖನ ಬರೀತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಉಳಿದಿತ್ತು: ‘ಶನಿವಾರ, ತಂತಿ ಮುಟ್ಟಿದಾಗ ಬೆರಳಿಗೆ ಚುಮುಚುಮು.’ ಎಲ್ಲ ಶನಿವಾರವೂ ಅಲ್ಲ, ನೆಲ ಒರೆಸಿದ ಶನಿವಾರ ಮಾತ್ರ. ಚಪ್ಪಲಿ ಹಾಕಿದ್ರೆ ಇಲ್ಲ, ಒದ್ದೆ ನೆಲದ ಮೇಲೆ ಬರಿಗಾಲಿದ್ರೆ ಉಂಟು.

ಬೇಸಿನ ತಂತಿಗಳು ಬ್ರಿಜ್, ಜ್ಯಾಕ್, ಕೇಬಲ್ಲಿನ ಮೂಲಕ ಆಂಪಿನ ಲೋಹದ ಪೆಟ್ಟಿಗೆಗೆ ಸೇರಿರುತ್ತವೆ. ಆಂಪು ಗೋಡೆಯ ಅರ್ಥ್‌ಗೆ ಸೇರಿರಬೇಕು. ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಪಾಯಿಂಟಿನ ಫೇಸಿಗೂ ಅರ್ಥಿಗೂ ಟೆಸ್ಟ್ ಲ್ಯಾಂಪ್ ಹಿಡಿದ್ರು. ಬಲ್ಬು ಹತ್ತಲಿಲ್ಲ. ತಿಂಗಳಿಗೆ 28 ಸಾವಿರ ಬಾಡಿಗೆಯ ಮನೆಯಲ್ಲಿ ಮೂರನೇ ತೂತು ಬರೀ ಅಲಂಕಾರ! ಓನರ್ ಅಂಕಲ್‌ಗೆ ಫೋನ್ ಮಾಡಿದ್ರೆ, “ಫ್ಯಾನ್ ತಿರುಗ್ತಿದೆ ತಾನೇ? ಹಿಂದಿನವರು ಯಾರೂ ಕಂಪ್ಲೇಂಟ್ ಮಾಡ್ಲಿಲ್ಲಪ್ಪ” ಅಂದ್ರು. ಇದೂ ‘ಕೆನಾಟ್ ರಿಪ್ರೊಡ್ಯೂಸ್’ ತಾನೇ?

ಈಗ ಆ ಮೂರನೇ ಸಲಹೆ. ಗುಂಯ್ ನಿಲ್ಲೋಕೆ ಆಂಪಿನ ಪ್ಲಗ್ಗಿನ ದಪ್ಪ ಪಿನ್ನು ಕಿತ್ತುಬಿಡು, ಇಲ್ಲಾ ಎರಡು ಪಿನ್ನಿನ ಅಡಾಪ್ಟರ್ ಹಾಕು ಅಂತ ಹೇಳೋರಿದ್ದಾರೆ. ಎರಡು ಉಪಕರಣಗಳ ನಡುವೆ ಗ್ರೌಂಡ್ ಲೂಪ್ ಆಗಿದ್ರೆ ಇದರಿಂದ ಗದ್ದಲ ನಿಲ್ಲಲೂಬಹುದು. ಒಳಗೆ ಕರೆಂಟು ಪೆಟ್ಟಿಗೆಗೆ ತಾಗಿದ ದಿನ ನೀವೂ ನಿಲ್ಲಬಹುದು. ಸ್ಟೋನ್ ದಿ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ 1972ರಲ್ಲಿ ಸ್ವಾನ್ಸಿಯ ವೇದಿಕೆಯ ಮೇಲೆ, ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ ಸತ್ತ. ದಯವಿಟ್ಟು ಆ ಪಿನ್ನು ಮುಟ್ಟಬೇಡಿ. ತಂತಿ ಮುಟ್ಟಿದಾಗ ಚುಮುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ, ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ನನ್ನು ಕರೆಸಿ.

“ಗುರೂ, ನನ್ನ ಒಂದು ಗಂಟೆಯ ಬೆಲೆ ನಿನ್ನ ಜ್ಯಾಕಿಗಿಂತ ಜಾಸ್ತಿ, 12 ಸಾವಿರ ಬಿಸಾಕಿ ಕೆಲಸ ನೋಡ್ಕೋತೀನಿ” ಅನ್ನಬಹುದು ನೀವು. ಸರಿ, ಲೆಕ್ಕ ಹಾಕೋಣ. ಹೊಸ ಪಿಕಪ್ ಹಾಕುವಾಗ ಅಂಗಡಿಯವರು ಒಳಗಿನ ವೈರುಗಳನ್ನೆಲ್ಲ ಅಲುಗಿಸುತ್ತಾರೆ, ಒಂದೆರಡು ಬೆಸುಗೆ ಮತ್ತೆ ಹಾಕುತ್ತಾರೆ. ಗುಂಯ್ ಕೆಲವು ದಿನ ಹೋಗಬಹುದು. ನೀವು ಪಿಕಪ್ಪಿಗೆ ಜೈ ಅಂತೀರಿ. ಜ್ಯಾಕು ಹಾಗೇ ಮುರುಕು, ಗೋಡೆ ಹಾಗೇ ಪೊಳ್ಳು. ದುಡ್ಡು ಕೊಟ್ಟು ಕೊಂಡದ್ದು ಮೌನ, ರಿಪೇರಿ ಅಲ್ಲ.

ಗದ್ದಲ ಅಡಗಿಸೋ ಪಿಕಪ್ಪೇ ಕೆಟ್ಟದ್ದು ಅಂತಲ್ಲ. ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸಿನಲ್ಲಿ ಇದ್ದದ್ದು ಒಂದೇ ಸುರುಳಿ. 1957ರಲ್ಲಿ ಅದನ್ನು ಎರಡು ತುಂಡು ಮಾಡಿ, ಒಂದರ ಗುಂಯ್‌ಅನ್ನು ಇನ್ನೊಂದು ಹೊಡೆದುಹಾಕುವಂತೆ ಜೋಡಿಸಿದರು. ಗದ್ದಲ ಎಲ್ಲಿಂದ ಬರುತ್ತೆ ಅಂತ ತಿಳಿದವರು ಕಂಡುಕೊಂಡ ಪರಿಹಾರ ಅದು. ತಿಳಿಯದೇ ಅದನ್ನು ಕೊಳ್ಳೋದು ಬೇರೆ.

ನಮ್ಮಪ್ಪ ಓದಿದ್ದು ಏಳನೇ ಕ್ಲಾಸು. ಪಂಪ್‌ಸೆಟ್ಟಿನ ಅರ್ಥ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ, ಬೇಸಿಗೆಯಲ್ಲಿ ನನ್ನ ಕೈಯಲ್ಲಿ ಬಿಂದಿಗೆ ನೀರು ಹಾಕಿಸ್ತಿದ್ರು. ಸ್ಟಾರ್ಟರ್ ಡಬ್ಬ ಚುರ್ ಅಂದ್ರೆ ಮೊದಲು ನೋಡ್ತಿದ್ದದ್ದು ಆ ಗುಂಡಿ. ಬಿ.ಇ. ಓದಿದ ಮಗ ಮೂರು ವರ್ಷ ಆ ಮನೆಯಲ್ಲಿದ್ದು ಒಂದು ದಿನವೂ ಮೂರನೇ ತೂತಿನ ಬಗ್ಗೆ ಕೇಳಿರಲಿಲ್ಲ.

ಎರಡು ತಿಂಗಳು ಜಗಳ ಆಡಿದ ಮೇಲೆ ಓನರ್ ಅಂಕಲ್ ಕೆಲಸ ಮಾಡಿಸಿದ್ರು. ಬಿಲ್ಡಿಂಗಿನ ಹಿಂದೆ ಅರ್ಥ್ ಗುಂಡಿ ಮೊದಲೇ ಇತ್ತು. ನಮ್ಮ ಮನೆಯ ಹಸಿರು ವೈರನ್ನು ಬೋರ್ಡಿಗೆ ಸೇರಿಸಿರಲೇ ಇಲ್ಲ. ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಕೂಡ ಬಂತು. ಈಗ ಶನಿವಾರ ಬೇಸ್ ಎತ್ತಿಕೊಳ್ಳುವ ಮೊದಲು ಕೆಳಗಿಳಿದು ಆ ಗುಂಡಿಗೆ ಒಂದು ಬಕೆಟ್ ನೀರು ಹಾಕಿ ಬರ್ತೀನಿ. ವಾಚ್‌ಮನ್ ಮೊದಲ ವಾರ, “ಅಲ್ಲೇನು ಗಿಡ ಇದೆ ಸಾರ್?” ಅಂತ ಕೇಳಿದ. ಈಗ ನಾನು ಬರೋದು ತಡವಾದ್ರೆ ಅವನೇ ಹಾಕಿರ್ತಾನೆ.