ಲಾಕ್‌ಡೌನಿನ ಬಾಕಿ ಇನ್ನೂ ತೀರಿಲ್ಲ

ಕಾಗವಾಡದಿಂದ ಗಡಿಯಾಚೆ ಮಹಾರಾಷ್ಟ್ರದ ಮಿರಜಕ್ಕೆ ಅರ್ಧ ಗಂಟೆಯ ದಾರಿ. ಬೆಳಗಾವಿಗೆ ಹೋಗಬೇಕೆಂದರೆ ನೂರು ಕಿಲೋಮೀಟರಿಗೂ ಹೆಚ್ಚು. ಹೀಗಾಗಿ ಕಾಗವಾಡ, ಅಥಣಿ, ರಾಯಬಾಗ ಕಡೆಯವರು ಹೆರಿಗೆಗಾಗಲಿ, ಎದೆನೋವಿಗಾಗಲಿ ಮೊದಲು ನೆನೆಯುವುದು ಮಿರಜದ ದವಾಖಾನೆಗಳನ್ನೇ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಂದಿನಿಂದ ಬೆಳೆದುಬಂದ ರೂಢಿ ಇದು. 2020ರ ಮಾರ್ಚ್ ಕೊನೆಯಲ್ಲಿ ಆ ದಾರಿಗೆ ಬ್ಯಾರಿಕೇಡ್ ಬಿತ್ತು. ನಿಪ್ಪಾಣಿ ಬಳಿ ಪುಣೆ–ಬೆಂಗಳೂರು ಹೆದ್ದಾರಿಯ ಕೊಗನೊಳ್ಳಿಯಲ್ಲೂ ತಪಾಸಣೆ ಶುರುವಾಯಿತು. ಮಹಾರಾಷ್ಟ್ರದಿಂದ ಬರುವವರಿಗೆ ಮೇ 31ರವರೆಗೆ ಪ್ರವೇಶವಿಲ್ಲ ಎಂದು ಮೇ 18ರಂದು ರಾಜ್ಯ ಸರ್ಕಾರ ಹೇಳಿತು. ಮುಂಬಯಿ, ಪುಣೆಗಳಲ್ಲಿ ದುಡಿಯುತ್ತಿದ್ದ ಗಡಿಭಾಗದ ಮಕ್ಕಳು ತಮ್ಮೂರ ಬಾಗಿಲಲ್ಲೇ ಪರದೇಶಿಗಳಾದರು.

ಸೋಂಕು ತಡೆಯಲು ದಾರಿ ಮುಚ್ಚಿದ್ದನ್ನು ಇಂದು ಕೂತು ತಪ್ಪೆನ್ನುವುದು ಸುಲಭ. ಆಗ ಯಾರಿಗೂ ಏನೂ ತಿಳಿದಿರಲಿಲ್ಲ. ಆದರೆ ಅದೇ ದಿನಗಳಲ್ಲಿ ಇನ್ನೊಂದು ತೀರ್ಮಾನವೂ ಆಯಿತು. ದುಡಿಮೆಯನ್ನು ‘ಅಗತ್ಯ’ ಮತ್ತು ‘ಅಗತ್ಯವಲ್ಲದ್ದು’ ಎಂದು ಎರಡು ರಾಶಿ ಮಾಡಲಾಯಿತು. ಎರಡೂ ರಾಶಿಯವರು ಸೋತರು. ಚಿಕ್ಕೋಡಿ ಉಪವಿಭಾಗದ ಹಳ್ಳಿಗಳಲ್ಲಿ ತಿರುಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಬ್ಬನ್ನೇ ನೋಡಿ. ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ಈ ಸೀಮೆಗೆ ಕಬ್ಬೇ ಉಸಿರು. ಸಕ್ಕರೆ ಆಹಾರ ವಸ್ತು, ಆದ್ದರಿಂದ ಅಗತ್ಯ. ಕಾರ್ಖಾನೆಗೆ ವಿನಾಯಿತಿ ಸಿಕ್ಕಿತು, ಕಡಿಯುವವರ ಕುಡಗೋಲು ನಿಲ್ಲಲಿಲ್ಲ. ಬೀಡ ಜಿಲ್ಲೆಯಿಂದ, ವಿಜಯಪುರದ ಒಣ ಊರುಗಳಿಂದ ಗಂಡ–ಹೆಂಡತಿ ಜೋಡಿಯಾಗಿ ಬರುವ ಗ್ಯಾಂಗುಗಳು ಹೊಲದಂಚಿನ ತಾಡಪತ್ರಿ ಗುಡಿಸಲಲ್ಲಿ ಮಕ್ಕಳೊಂದಿಗೆ ಇರುತ್ತವೆ. ಗುತ್ತಿಗೆದಾರ ಮುಕಾದಮನಿಂದ ಪಡೆದ ಮುಂಗಡ ತೀರುವವರೆಗೆ ಅವರು ಊರಿಗೆ ಮರಳುವಂತಿಲ್ಲ. ಹಂಗಾಮು ಮುಗಿದಾಗ ದಾರಿಯೇ ಮುಚ್ಚಿತ್ತು. ಗಡಿಯಾಚೆ ಪಶ್ಚಿಮ ಮಹಾರಾಷ್ಟ್ರದ ಕಾರ್ಖಾನೆಗಳ ಬಳಿ ಲಕ್ಷಕ್ಕೂ ಹೆಚ್ಚು ಮಂದಿ ಸಿಕ್ಕಿಬಿದ್ದರು. ಅವರನ್ನು ಊರಿಗೆ ಕಳಿಸಲು ಅಲ್ಲಿನ ಸರ್ಕಾರ ಒಪ್ಪಿದ್ದು ಏಪ್ರಿಲ್ 17ರಂದು. ಅವರು ಕಡಿದ ಕಬ್ಬು ಅಗತ್ಯವಾಗಿತ್ತು. ಕಡಿದವರ ನೀರು, ನೆರಳು, ರೇಷನ್ನು ಯಾರ ಅಗತ್ಯದ ಪಟ್ಟಿಯಲ್ಲೂ ಇರಲಿಲ್ಲ.

ಇನ್ನೊಂದು ರಾಶಿಯಲ್ಲಿ ನಿಪ್ಪಾಣಿಯ ಹೆಂಗಸರಿದ್ದರು. ಏಪ್ರಿಲ್ 15ರ ಕೇಂದ್ರದ ಮಾರ್ಗಸೂಚಿ ಮದ್ಯ, ಗುಟ್ಕಾ, ತಂಬಾಕು ಮಾರಾಟವನ್ನು ಕಟ್ಟುನಿಟ್ಟಾಗಿ ನಿಷೇಧಿಸಿತು. ಮದ್ಯದಂಗಡಿಗಳು ಮೇ 4ಕ್ಕೇ ರಾಜ್ಯದಲ್ಲಿ ತೆರೆದವು, ಯಾಕೆಂದರೆ ಖಜಾನೆಗೆ ಅವು ಬೇಕಿದ್ದವು. ತಂಬಾಕು ಆರೋಗ್ಯಕ್ಕೆ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀಡಿಯ ಮೇಲೆ ಶೇ 28ರ ಜಿಎಸ್‌ಟಿ ವಸೂಲು ಮಾಡುತ್ತಿದ್ದ ಸರ್ಕಾರಕ್ಕೆ, ಆ ಬೀಡಿ ಕಟ್ಟುವ, ವಖಾರಿಗಳಲ್ಲಿ ತಂಬಾಕು ಜರಡಿ ಹಿಡಿದು ಧೂಳು ಕುಡಿಯುವ ಹೆಂಗಸರ ಒಲೆ ಉರಿಯುತ್ತಿದೆಯೇ ಎಂದು ಕೇಳುವ ಹೊಣೆಯೂ ಇತ್ತು. ನಿಪ್ಪಾಣಿ ಸುಮ್ಮನೆ ತಲೆಬಾಗುವ ಊರೂ ಅಲ್ಲ. 1981ರಲ್ಲಿ ತಂಬಾಕಿನ ಬೆಲೆಗಾಗಿ ರೈತರು ಹೆದ್ದಾರಿಯಲ್ಲೇ ಕೂತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ಹನ್ನೆರಡು ಜನ ಸತ್ತರು. ಅದೇ ಕಾಲಕ್ಕೆ ವಖಾರಿಯ ಹೆಂಗಸರು ಸಂಘ ಕಟ್ಟಿ ಕೂಲಿಗಾಗಿ ಮುಷ್ಕರ ಹೂಡಿದ್ದನ್ನು ಯುಗಾಂತರ ಎಂಬ ಮಹಿಳಾ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಆ ತಾಯಂದಿರ ಮೊಮ್ಮಕ್ಕಳು ಲಾಕ್‌ಡೌನಿನಲ್ಲಿ ಮತ್ತೆ ಲೆಕ್ಕಕ್ಕಿಲ್ಲದವರಾದರು.

ಅಥಣಿಯ ಚಪ್ಪಲಿ ಕುಶಲಕರ್ಮಿಗಳ ಕತೆ ಇನ್ನೂ ನೋವಿನದು. ಲೋಕ ‘ಕೊಲ್ಹಾಪುರಿ’ ಎಂದು ಕರೆಯುವ ಚಪ್ಪಲಿಯ ಬಹುಪಾಲು ಜೀವ ಇರುವುದು ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಗಳ ಸಮಗಾರ ಓಣಿಗಳಲ್ಲಿ. ಗಂಡಸರು ತೊಗಲು ಕೊಯ್ದು ಅಟ್ಟೆ ಕಟ್ಟಿದರೆ ಹೆಂಗಸರು ಹೆಣೆದು ಹೊಲಿಯುತ್ತಾರೆ. ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಒಟ್ಟಾಗಿ ಅದರ ಭೌಗೋಳಿಕ ಮಾನ್ಯತೆ ದೊರೆತು ವರ್ಷವೊಂದು ಕಳೆಯುವಷ್ಟರಲ್ಲಿ ಮಹಾಮಾರಿ ಬಂತು. ಮದುವೆ, ಜಾತ್ರೆಗಳ ಬೇಸಿಗೆಯೇ ಅವರ ವ್ಯಾಪಾರದ ಕಾಲ. 2020, 2021ರ ಎರಡು ಬೇಸಿಗೆಗಳೂ ಮುಳುಗಿದವು. 2020ರ ಮೇ 6ರಂದು ₹1,610 ಕೋಟಿಯ ಪ್ಯಾಕೇಜ್ ಘೋಷಣೆಯಾದಾಗ ಕ್ಷೌರಿಕರಿಗೆ, ಮಡಿವಾಳರಿಗೆ, ಆಟೊ ಚಾಲಕರಿಗೆ ತಲಾ ₹5,000 ಎಂದಿತ್ತು. ಚಮ್ಮಾರರ ಹೆಸರು ಬಂದದ್ದು ಮರುವರ್ಷದ ಮೇ 19ರ ಪ್ಯಾಕೇಜಿನಲ್ಲಿ, ₹2,000ಕ್ಕೆ.

ಆ ₹2,000ದ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಬೇಕು. 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಇಂಥದ್ದೇ ಚಪ್ಪಲಿಯನ್ನು ಮೂಲ ಹೇಳದೆ ತೋರಿಸಿ ಟೀಕೆಗೆ ಗುರಿಯಾಯಿತು. ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಜೋಡಿಯ ಬೆಲೆ 800 ಯೂರೋ ಆಸುಪಾಸು. ಕೈ ಅದೇ, ತೊಗಲು ಅದೇ. ಹೊರಗಿನವರು ಬೆಲೆ ಕಟ್ಟಿದ ಮೇಲಷ್ಟೇ ಮಂತ್ರಿಗಳ ಬಾಯಲ್ಲಿ ಅಥಣಿಯ ಹೆಸರು ಬರುವುದಾದರೆ, ಸಂಕಟದ ಎರಡು ವರ್ಷ ಆ ಓಣಿಗಳನ್ನು ಕಾಯಬೇಕಾದವರು ಯಾರಾಗಿದ್ದರು?

ಸೋಂಕಿಗೆ ಎದುರು ನಿಂತವರ ಕತೆಯೂ ಬೇರೆಯಲ್ಲ. 2020ರ ಏಪ್ರಿಲ್‌ನಲ್ಲಿ ರಾಯಬಾಗ ತಾಲ್ಲೂಕಿನ ಕುಡಚಿಯಲ್ಲಿ ಸೋಂಕು ಕಾಣಿಸಿ ಪಟ್ಟಣ ಸೀಲ್‌ಡೌನ್ ಆದಾಗ ಊರಿಗೆ ಊರನ್ನೇ ಅಪರಾಧಿ ಮಾಡುವ ಮಾತು ಮೊಬೈಲುಗಳಲ್ಲಿ ಹರಿದಾಡಿತು. ಅಂಥ ದಿನಗಳಲ್ಲಿ ಭಯ ನುಂಗಿಕೊಂಡು ಮನೆಮನೆಯ ಬಾಗಿಲು ಬಡಿದವರು ಆಶಾ ಕಾರ್ಯಕರ್ತೆಯರು. ಮೂರೇ ತಿಂಗಳಲ್ಲಿ, ಜುಲೈ 10ರಂದು, ರಾಜ್ಯದ ಸುಮಾರು 42 ಸಾವಿರ ಆಶಾಗಳು ತಿಂಗಳಿಗೆ ₹12,000 ಗೌರವಧನ ಕೇಳಿ ಕೆಲಸ ನಿಲ್ಲಿಸಬೇಕಾಯಿತು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಕೂತಾಗ ಸಿಕ್ಕಿದ್ದು ₹10,000ದ ಭರವಸೆ.

ಹಾಗಾದರೆ ಸರ್ಕಾರಗಳು ಮಹಾಮಾರಿಯಿಂದ ಕಲಿತದ್ದೇನು? 2020ರ ಮೇ 22ರಂದು ಕರ್ನಾಟಕ ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗೆ ಏರಿಸಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಜೂನ್ 11ರಂದು ಹಿಂದೆ ಸರಿಯಿತು. 2023ರಲ್ಲಿ ಅದೇ ಆಲೋಚನೆ ಕಾಯ್ದೆಯ ತಿದ್ದುಪಡಿಯಾಗಿ ಬಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಟ್ಟಿತು. ವಲಸೆ ಕಾರ್ಮಿಕರ ಸಾವಿನ ಲೆಕ್ಕ ತನ್ನಲ್ಲಿಲ್ಲ ಎಂದು ಕೇಂದ್ರ ಲೋಕಸಭೆಗೆ ತಿಳಿಸಿದ್ದು 2020ರ ಸೆಪ್ಟೆಂಬರ್ 14ರಂದು. ಅದೇ ತಿಂಗಳು ಕಾರ್ಮಿಕ ಸಂಹಿತೆಗಳು ಅಂಗೀಕಾರವಾದವು. ಐದು ವಲಸೆ ಕಾರ್ಮಿಕರಿದ್ದರೆ ಅನ್ವಯಿಸುತ್ತಿದ್ದ 1979ರ ಕಾನೂನಿನ ಮಿತಿ ಹೊಸ ಸಂಹಿತೆಯಲ್ಲಿ ಹತ್ತಕ್ಕೇರಿತು. ಸಣ್ಣ ಗ್ಯಾಂಗುಗಳಿಗೆ ಇದರಿಂದಾಗುವ ಪೆಟ್ಟು ಎಷ್ಟೆಂದು ಹೊಲದಲ್ಲಿ ನಿಂತವರಿಗೆ ಗೊತ್ತು.

ಉದ್ಯಮ ಉಳಿದರೆ ತಾನೇ ಕೂಲಿ ಎಂಬುದು ಇದನ್ನು ಸಮರ್ಥಿಸುವವರ ವಾದ. ಕಾರ್ಖಾನೆ ಉಳಿಯಬೇಕು, ನಿಜ. ಆದರೆ ಹಿಂದಿನ ಮಹಾಮಾರಿಯಲ್ಲಿ ಉದ್ಯಮವನ್ನು ಉಳಿಸಿದ್ದೇ ಗುಡಿಸಲಲ್ಲಿ ಕೂತು ಕಾದ ಆ ಜನ. 2025ರ ನವೆಂಬರ್‌ನಲ್ಲಿ ಕಬ್ಬು ಬೆಳೆಗಾರರು ಗುರ್ಲಾಪುರ ಕ್ರಾಸಿನಲ್ಲಿ ಹಗಲಿರುಳು ಕೂತು ಟನ್ನಿಗೆ ₹3,300 ಪಡೆದರು. ಆ ಹೋರಾಟ ನ್ಯಾಯವಾದದ್ದು. ಆ ಮಾತುಕತೆಯಲ್ಲಿ ಕಡಿಯುವವರ ಪರವಾಗಿಯೂ ಒಂದು ಕುರ್ಚಿ ಇರಬೇಕಿತ್ತು.

ಪಕ್ಕದ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರಿಗೆಂದೇ ಗೋಪಿನಾಥ ಮುಂಡೆ ಹೆಸರಿನ ಕಲ್ಯಾಣ ಮಹಾಮಂಡಳಿಯಿದೆ. ಕಾರ್ಖಾನೆಗಳು ಅರೆಯುವ ಪ್ರತಿ ಟನ್ನಿನ ಮೇಲೆ ಅದಕ್ಕೆ ಹಣ ಕೊಡಬೇಕೆಂಬುದು ಅಲ್ಲಿನ ವ್ಯವಸ್ಥೆ. ಕರ್ನಾಟಕವೂ ಟನ್ನಿನ ಮೇಲೆ ಅಂಥದೊಂದು ಪಾಲು ಗೊತ್ತುಮಾಡಲಿ. ಹಂಗಾಮು ಶುರುವಾಗುವ ಮೊದಲು ಗ್ಯಾಂಗಿನ ಪ್ರತಿಯೊಬ್ಬರ ಹೆಸರು ಕಾರ್ಮಿಕ ಇಲಾಖೆಯ ವಹಿಯಲ್ಲಿ ಬರೆಯಲಿ. ಬೀಡದ ರೇಷನ್ ಕಾರ್ಡಿಗೆ ಕಾಗವಾಡದ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುವಂತೆ ನೋಡಿಕೊಳ್ಳಲಿ. ಮುಂದೆ ಎಂದಾದರೂ ಗಡಿ ಮುಚ್ಚಬೇಕಾಗಿ ಬಂದರೆ ಮಿರಜಕ್ಕೆ ಹೋಗುವ ರೋಗಿಯ ಗಾಡಿಗೆ ಯಾವ ಚೆಕ್‌ಪೋಸ್ಟಿನಲ್ಲೂ ತಡೆಯಿಲ್ಲ ಎಂದು ಗಡಿಯ ಎರಡೂ ಬದಿಯ ಜಿಲ್ಲೆಗಳ ಅಧಿಕಾರಿಗಳು ಈಗಲೇ ಕೂತು ಬರೆದಿಡಲಿ. ಅಕ್ಟೋಬರ್ ಬಂದರೆ ಗ್ಯಾಂಗುಗಳ ಗಾಡಿಗಳು ಮತ್ತೆ ಕೃಷ್ಣೆ ದಾಟುತ್ತವೆ. ಅಷ್ಟರೊಳಗೆ ಇವಿಷ್ಟೂ ಆಗಬೇಕು.